ಮಾರ್ಲಿಸ್ ಕಾಂಗಸ್‌ಳ ನಾಲ್ಕು ನಿಮಿಷ

ಟಾಮರಾಕ್ ಹಿಲ್ ಹೈಸ್ಕೂಲಿನಲ್ಲಿ ಒಂದು ಪಾಠ ಮುಗಿದು ಇನ್ನೊಂದು ಶುರುವಾಗುವ ನಡುವೆ ಸಿಗುವುದು ನಾಲ್ಕು ನಿಮಿಷ. ಮೇಷ್ಟ್ರುಗಳು ಕೂತಲ್ಲೇ ಕೂತಿರುತ್ತಾರೆ, ಮಕ್ಕಳು ಕೋಣೆಯಿಂದ ಕೋಣೆಗೆ ಓಡಬೇಕು. ಆ ನಾಲ್ಕು ನಿಮಿಷದಲ್ಲಿ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂಬುದನ್ನು ಮಾರ್ಲಿಸ್ ಕಾಂಗಸ್‌ಳಷ್ಟು ಸರಿಯಾಗಿ ಬಲ್ಲವರು ಮಿನೆಸೋಟಾದ ಆ ಗಣಿ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಅವಳು ಶಾಲೆಯ ಆಫೀಸಿನ ಗುಮಾಸ್ತೆ. ವಯಸ್ಸು ಅರವತ್ತೆರಡು. ಕೊರಳಲ್ಲಿ ಎರಡು ದಾರ: ಒಂದರಲ್ಲಿ ಕನ್ನಡಕ, ಇನ್ನೊಂದರಲ್ಲಿ ಸ್ಟಾಪ್‌ವಾಚು.

ಪ್ರತಿ ಆಗಸ್ಟ್ ಕೊನೆಯಲ್ಲಿ, ಶಾಲೆ ತೆರೆಯುವ ಹಿಂದಿನ ವಾರ, ಒಂಬತ್ತನೇ ತರಗತಿಗೆ ಹೊಸದಾಗಿ ಸೇರುವ ಮಕ್ಕಳನ್ನೂ ಅವರ ಮನೆಯವರನ್ನೂ ಅವಳು ಶಾಲೆಗೆ ಕರೆಸುತ್ತಿದ್ದಳು. ಭಾಷಣ ಇಲ್ಲ. ಪ್ರತಿಯೊಬ್ಬರ ಕೈಗೂ ಅವರವರ ವೇಳಾಪಟ್ಟಿ ಕೊಟ್ಟು, ಗಂಟೆ ಬಾರಿಸಿ, "ನಡೀರಿ" ಅನ್ನುವಳು. ಅಪ್ಪ, ಅಮ್ಮ, ಅಜ್ಜಿ, ಮಗು ಎಲ್ಲರೂ ಮೊದಲ ಪಾಠದ ಕೋಣೆಯಿಂದ ಏಳನೆಯದರ ತನಕ ನಡೆಯಬೇಕು.

ಇದನ್ನು ಶುರುಮಾಡಿದ್ದಕ್ಕೆ ಕಾರಣ ಅವಳ ಅಪ್ಪ. ಇದೇ ಶಾಲೆಗೆ ಅವಳು ಸೇರಿದ ಮೊದಲ ದಿನ, ಗಣಿಯ ಪಾಳಿ ಮುಗಿಸಿ ನೇರವಾಗಿ ಬಂದ ಅಪ್ಪ, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ಮಗಳನ್ನು ತರಗತಿಗೆ ಬಿಡಲು ಹೋದ. ಕೋಣೆ ತಪ್ಪಿತ್ತು. ಅದು ಹನ್ನೆರಡನೆಯವರ ಲ್ಯಾಟಿನ್ ಪಾಠ. ಎದ್ದು ಬರಲು ಇಬ್ಬರಿಗೂ ನಾಚಿಕೆ. ಅಪ್ಪ ಮಗಳು ಹಿಂದಿನ ಬೆಂಚಿನಲ್ಲಿ ಐವತ್ತು ನಿಮಿಷ ಅಲುಗದೆ ಕೂತರು. ಮನೆಗೆ ಹೋದ ಮೇಲೆ ಅಪ್ಪ ಅಮ್ಮನಿಗೆ ಹೇಳಿದನಂತೆ: "ಹೈಸ್ಕೂಲು ಬಲು ಕಷ್ಟ ಕಣೇ, ನಂಗಂತೂ ಒಂದಕ್ಷರ ತಿಳೀಲಿಲ್ಲ."

ಆ ವರ್ಷದ ಆಗಸ್ಟಿನಲ್ಲೂ ಎಂದಿನಂತೆ ಗಲಾಟೆಯೋ ಗಲಾಟೆ. ಶಾಲೆಯ ಜವಾನ ಲಾಯ್ಡ್ ಒಂದು ಉದ್ದ ಹಲಗೆಗೆ ಹನ್ನೆರಡು ಅಂಕಿ-ಬೀಗ ಜೋಡಿಸಿಟ್ಟಿದ್ದ. ಬೀಗದ ತಟ್ಟೆಯನ್ನು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸಿ ಮೂರು ಅಂಕಿ ಕೂಡಿಸಿದರೆ ತೆರೆಯುತ್ತದೆ. ಇಲ್ಲಿ ತರಗತಿಯೊಳಗೆ ಚೀಲ ಒಯ್ಯುವಂತಿಲ್ಲ, ಪುಸ್ತಕವೆಲ್ಲ ಲಾಕರಿನಲ್ಲಿ. ಹಾಗಾಗಿ ಬೀಗ ಬಾರದವನಿಗೆ ಪಾಠವೂ ಬಾರದು. ಮಕ್ಕಳು ಎರಡೇ ಸಲಕ್ಕೆ ಕಲಿತರು. ಗಣಿಯಲ್ಲಿ ಲಾರಿ ಓಡಿಸುವ ಒಬ್ಬ ಅಪ್ಪ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಇನ್ನೂರು ಟನ್ನಿನ ಗಾಡಿ ಓಡಿಸ್ತೀನಿ ಮಿಸೆಸ್ ಕಾಂಗಸ್, ಇದೊಂದು ಬಗ್ತಾ ಇಲ್ಲ."

"ನೀನು ಒಂಬತ್ತನೇ ಕ್ಲಾಸಲ್ಲಿದ್ದಾಗಲೂ ಹಿಂಗೇ ಅಂದಿದ್ದೆ. ಮೆಲ್ಲಗೆ ತಿರುಗಿಸು, ಅದು ಸ್ಟೀರಿಂಗ್ ಅಲ್ಲ."

ಈ ನಗುವಿನ ಮಧ್ಯೆಯೇ ಜೋಲೀನ್ ಸಾರೆಲಾ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಬಂದಳು. ದೊಡ್ಡವಳು ಬ್ರಿಟಾ, ಹತ್ತನೇ ತರಗತಿ, ಶಾಲೆಯ ಬ್ಯಾಂಡಿನಲ್ಲಿ ಟ್ರಾಂಬೋನು ಊದುವವಳು. ಚಿಕ್ಕವಳು ಐನಾ, ಈಗ ಸೇರುವವಳು. ಐನಾಳ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ದಪ್ಪ ಅಟ್ಟೆಯ ಬೂಟು, ಕೈಯಲ್ಲೊಂದು ಕೋಲು. ಜೋಲೀನಳ ಕೈಯಲ್ಲಿ ಒಂದು ಅರ್ಜಿ ಇತ್ತು: ಪ್ರತಿ ಪಾಠದಿಂದಲೂ ಐದು ನಿಮಿಷ ಮುಂಚೆ ಹೊರಡಲು ಅನುಮತಿ. ಶುಕ್ರವಾರದೊಳಗೆ ಕೊಡಬೇಕು.

"ಬೇಡ," ಅಂದಳು ಐನಾ.

"ಅಯ್ಯೋ, ಮಿಡ್ಲ್ ಸ್ಕೂಲಲ್ಲಿ ಎರಡು ವರ್ಷ ಹಿಂಗೇ ಮಾಡಿರಲಿಲ್ವೇನೇ?" ಅಂದಳು ತಾಯಿ.

"ಮಾಡಿದ್ದಕ್ಕೇ ಬೇಡ ಅಂತಿರೋದು. ದಿನಕ್ಕೆ ಆರು ಸಲ, ಐದೈದು ನಿಮಿಷ. ವರ್ಷಕ್ಕೆ ನೂರ ಎಪ್ಪತ್ತು ದಿನ. ಎರಡು ವರ್ಷಕ್ಕೆ ನೂರ ಎಪ್ಪತ್ತು ಗಂಟೆ ಆಯ್ತು. ಮೇಷ್ಟ್ರು ಜೋಕು ಹೇಳೋದು ಯಾವಾಗಲೂ ಕೊನೇಲೇ. ಒಂದೂ ನಂಗೆ ಗೊತ್ತಿಲ್ಲ. ಮಾರನೇ ದಿನ ಎಲ್ರೂ ಅದನ್ನೇ ಹೇಳ್ಕೊಂಡು ನಗ್ತಿದ್ರೆ ನಾನು ಸುಮ್ನೆ ನಕ್ಕಿದ್ದೀನಿ, ಗೊತ್ತಾ?"

ಮಾರ್ಲಿಸ್ ಮನಸ್ಸಿನಲ್ಲೇ ಗುಣಿಸಿ ನೋಡಿದಳು. ಲೆಕ್ಕ ಸರಿಯಾಗಿತ್ತು.

"ಕೇಳಿ ಮಿಸೆಸ್ ಕಾಂಗಸ್," ಅಂದಳು ಜೋಲೀನ್. ನಲವತ್ತು ದಾಟಿದ್ದರೂ ಅವಳ ದನಿ ಆಫೀಸಿನ ಕಿಟಕಿಯ ಮುಂದೆ ಇನ್ನೂ ವಿದ್ಯಾರ್ಥಿನಿಯದೇ. "ನಾಲ್ಕು ನಿಮಿಷದಲ್ಲಿ ಅವಳ ಕೈಲಾದರೆ ನಾನ್ಯಾಕೆ ಬೇಡ ಅನ್ನಲಿ? ಆಗದೆ ದಿನಾ ತಡ ಆಗಿ, ಓಡಿ, ಮೆಟ್ಟಿಲ ಮೇಲೆ ಬಿದ್ರೆ? ಆಗಲ್ಲ ಅಂದ್ರೆ ಅರ್ಜಿ. ಅದೂ ಬೇಡ ಅಂದ್ರೆ ಮನೇಲೇ ಕೂತು ಕಂಪ್ಯೂಟರಲ್ಲಿ ಓದಲಿ."

"ಅಳೆದು ನೋಡೋಣ," ಅಂದಳು ಮಾರ್ಲಿಸ್.

ಆರು ದಾರಿಗಳಲ್ಲಿ ಐದು ಸಲೀಸಾಗಿ ಮೂರು ನಿಮಿಷದೊಳಗೆ ಮುಗಿದವು. ಉಳಿದ ಒಂದೇ ಕಷ್ಟದ್ದು: ಮೂರನೇ ಪಾಠವಾದ ಮೇಲೆ ಒಂದನೇ ಮಹಡಿಯ ವಿಜ್ಞಾನದ ಕೋಣೆಯಿಂದ, ಲಾಕರಿಗೆ ಹೋಗಿ ಪುಸ್ತಕ ಬದಲಾಯಿಸಿ, ಮೂರನೇ ಮಹಡಿಯ ಗಣಿತಕ್ಕೆ. ಲಿಫ್ಟು ಇತ್ತು, ಆದರೆ ವ್ಯಾಯಾಮಶಾಲೆಯ ಆಚೆ ತುದಿಯಲ್ಲಿ. ಅಲ್ಲಿಗೆ ನಡೆಯುವುದೇ ಹೆಚ್ಚು. ಐನಾ ಮೆಟ್ಟಿಲನ್ನೇ ಆರಿಸಿಕೊಂಡಳು. ಸ್ಟಾಪ್‌ವಾಚು ತೋರಿಸಿದ್ದು ಐದು ನಿಮಿಷ ಐವತ್ತು ಸೆಕೆಂಡು. ಜೋಲೀನ್ ಅರ್ಜಿಯ ಮಡಿಕೆ ಸರಿಮಾಡಿಕೊಂಡಳು.

ಮಾರ್ಲಿಸ್ ಒಂದು ಲಕೋಟೆಯ ಬೆನ್ನ ಮೇಲೆ ತುಂಡು ತುಂಡಾಗಿ ಬರೆದಳು. ಕೋಣೆಯಿಂದ ನೆಲಮಾಳಿಗೆಯ ಲಾಕರಿಗೆ ಎಪ್ಪತ್ತು ಸೆಕೆಂಡು. ಬೀಗ, ಪುಸ್ತಕ ಅರವತ್ತೈದು. ಮತ್ತೆ ಒಂದನೇ ಮಹಡಿಗೆ ಹತ್ತಲು ಎಪ್ಪತ್ತೈದು. ಅಲ್ಲಿಂದ ಮೂರನೆಯದಕ್ಕೆ ನೂರ ನಲವತ್ತು. ಬರೆದ ಮೇಲೆ ಕಣ್ಣಿಗೆ ಕಂಡಿತು: ಕಾಲಿನ ತಪ್ಪಲ್ಲ ಇದು, ಲಾಕರಿನದು. ಮೇಲೆ ಹೋಗಬೇಕಾದ ಹುಡುಗಿ ಮೊದಲು ಕೆಳಗೆ ಇಳಿಯುತ್ತಿದ್ದಳು.

ಒಂಬತ್ತನೆಯವರ ಲಾಕರು ನೆಲಮಾಳಿಗೆಯಲ್ಲಿ, ಹತ್ತರವರದು ಒಂದನೇ ಮಹಡಿಯಲ್ಲಿ, ಹನ್ನೊಂದು ಎರಡರಲ್ಲಿ, ಹನ್ನೆರಡು ಮೂರರಲ್ಲಿ. ಯಾರೂ ಬರೆದಿಟ್ಟ ನಿಯಮವಲ್ಲ, ಊರಿನ ರೂಢಿ. ವರ್ಷಕ್ಕೊಂದು ಮಹಡಿ ಏರುವುದೇ ಇಲ್ಲಿ ದೊಡ್ಡವರಾಗುವ ಲೆಕ್ಕ. ಮೂವತ್ತೊಂದು ವರ್ಷ ಲಾಕರು ಹಂಚಿದವಳು ಮಾರ್ಲಿಸಳೇ. ಒಂದು ಸಲವೂ ಯಾಕೆ ಎಂದು ಕೇಳಿಕೊಂಡಿರಲಿಲ್ಲ.

"ಹನ್ನೊಂದರವರ ಸಾಲಲ್ಲಿ ಒಂದು ಕೊಡ್ತೀನಿ," ಅಂದಳು.

"ಅಯ್ಯಪ್ಪ, ಬೇಡಿ!" ಬ್ರಿಟಾ ಕೂಗಿದಳು. "ನಾನೇ ಈಗ ತಾನೆ ಆ ನೆಲಮಾಳಿಗೆಯಿಂದ ಮೇಲೆ ಬಂದಿದ್ದೀನಿ. ಇವಳು ಒಂದೇ ಸಲಕ್ಕೆ ನನ್ನ ತಲೆ ಮೇಲೆ ಹೋದ್ರೆ ಶಾಲೆಯೆಲ್ಲ ಅದೇ ಮಾತಾಗುತ್ತೆ."

"ಅದು ನಿಜ," ಅಂದಳು ಐನಾ. "ಅದಕ್ಕಿಂತ ಆ ಅರ್ಜಿನೇ ವಾಸಿ."

ಹಲಗೆಯ ಬೀಗಗಳಿಗೆ ಎಣ್ಣೆ ಬಿಡುತ್ತಿದ್ದ ಲಾಯ್ಡ್ ತಲೆ ಎತ್ತದೆ ಕೇಳಿದ: "ಮಾರ್ಲಿಸ್, ನಿನ್ನ ಬೂಟು ಇಟ್ಟಿದ್ದೀಯಲ್ಲ, ಆ ಲಾಕರು ಎಷ್ಟನೇ ಕ್ಲಾಸಿಂದು?"

ಎರಡನೇ ಮಹಡಿ, ಆಫೀಸಿನ ಬಾಗಿಲ ಪಕ್ಕ, ಮೆಟ್ಟಿಲ ಎದುರಿಗೇ, ನಂಬರ್ ಒಂದು. ಅದು ಯಾವ ತರಗತಿಗೂ ಸೇರಿದ್ದಲ್ಲ. ಮೂವತ್ತೊಂದು ಚಳಿಗಾಲ ಅದರಲ್ಲಿ ಮಾರ್ಲಿಸಳ ಹಿಮದ ಬೂಟುಗಳಿದ್ದವು. ಅವಳ ಕಿವಿಯ ತುದಿ ಕೆಂಪಾಯಿತು.

"ದಿನಾ ಮುಟ್ಟೋ ಬಾಗಿಲು," ಅಂದಳು. "ನಂಗೆ ಹೊಳೀಲೇ ಇಲ್ಲ ನೋಡು."

ಅಲ್ಲೇ ಖಾಲಿ ಮಾಡಲು ನಿಂತಳು. ಬೂಟು ಎರಡು ಜೊತೆ, ಕಾರಿನ ಗಾಜಿನ ಮಂಜು ಕೆರೆಯುವ ಪಟ್ಟಿ ಮೂರು, ಒಂಟಿ ಕೈಗವಸು ಏಳು, ಯಾವುದೋ ಕ್ರಿಸ್‌ಮಸ್ಸಿನ ಶುಂಠಿ ಬಿಸ್ಕತ್ತಿನ ಡಬ್ಬಿ. ಲಾಯ್ಡ್ ಒಂದನ್ನು ಕಚ್ಚಿ ನೋಡಿ, "ಇನ್ನೂ ಗಟ್ಟಿಯಾಗಿದೆ," ಅಂದ.

"ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ?" ಐನಾ ಕೇಳಿದಳು.

"ಆಫೀಸಿನ ಮುದುಕಿ ಬೂಟಿನ ವಾಸನೆ ಇನ್ನೂ ಹೋಗಿಲ್ಲ ಅಂತ ದೂರು ಹೇಳು. ಯಾರೂ ಹೊಟ್ಟೆಕಿಚ್ಚು ಪಡಲ್ಲ."

ಐನಾ ಬಗ್ಗಿ ಮೂಸಿದಳು. "ಸುಳ್ಳು ಹೇಳೋ ಅಗತ್ಯಾನೇ ಇಲ್ಲ ಬಿಡಿ."

ಆದರೆ ಖಾಲಿ ಶಾಲೆಯಲ್ಲಿ ನಡೆದರೆ ಅದು ಅಳತೆಯಲ್ಲ ಎಂದು ಮಾರ್ಲಿಸ್ ಹಟ ಹಿಡಿದಳು. ನಾನೂರು ಮಕ್ಕಳ ನೂಕುನುಗ್ಗಲು ಬೇಕು. ಗುರುವಾರ ಬೆಳಗ್ಗೆ ಬ್ರಿಟಾ ಮೈದಾನದಲ್ಲಿ ತಾಲೀಮು ಮಾಡುತ್ತಿದ್ದ ಬ್ಯಾಂಡಿನ ಅರವತ್ತು ಜನರನ್ನೂ ಕರೆತಂದಳು, ವಾದ್ಯಗಳ ಸಮೇತ. ಲಾರಿ ಓಡಿಸುವ ಅಪ್ಪ, ಅವನ ಹೆಂಡತಿ, ಇಬ್ಬರು ಅಜ್ಜಿಯರು ಮೆಟ್ಟಿಲ ಮೇಲೆ ಎದುರಾಗಿ ಇಳಿಯಲು ಸಿದ್ಧರಾದರು. ಲಾಯ್ಡ್ ಗಂಟೆ ಒತ್ತಿದ. ದೊಡ್ಡ ತುತ್ತೂರಿಯ ಹುಡುಗಿ ಅರ್ಧ ಮೆಟ್ಟಿಲನ್ನೇ ಮುಚ್ಚಿದಳು. ಐನಾ ಗೋಡೆಯ ಬದಿಯ ಕಂಬಿ ಹಿಡಿದು, ಕೋಲನ್ನು ಮುಂದೆ ಚಾಚಿ, "ಪಕ್ಕ, ಪಕ್ಕ!" ಎನ್ನುತ್ತ ಹತ್ತಿದಳು. ಬೀಗ ಮೊದಲ ಸಲಕ್ಕೇ ತೆರೆಯಿತು.

ಗಣಿತದ ಕೋಣೆಯ ಹೊಸ್ತಿಲಲ್ಲಿ ಮಾರ್ಲಿಸ್ ಗುಂಡಿ ಒತ್ತಿದಳು. ಮೂರು ನಿಮಿಷ ನಲವತ್ತೆಂಟು ಸೆಕೆಂಡು.

"ಇನ್ನೊಂದು ಸಲ," ಅಂದಳು ಜೋಲೀನ್. ಒಂದೇ ಅಳತೆಯನ್ನು ನಂಬುವವಳಲ್ಲ. ಎರಡನೆಯದು ಮೂರು ನಲವತ್ತನಾಲ್ಕು. ಆಗ ಅವಳು ಅರ್ಜಿಯನ್ನು ನಾಲ್ಕಾಗಿ ಹರಿದು, ಮಗಳ ಕೈಗೆ ಕೊಟ್ಟಳು. ಬ್ಯಾಂಡಿನವರು ಹೇಗೂ ವಾದ್ಯ ತಂದಿದ್ದರಲ್ಲ, ಮೂರನೇ ಮಹಡಿಯಲ್ಲಿ ಕಿವಿ ಕಿತ್ತುಹೋಗುವ ಹಾಗೆ ಊದಿದರು.

ಶಾಲೆ ತೆರೆದ ದಿನ ನಾಲ್ಕನೇ ಪಾಠದ ಗಂಟೆ ಹೊಡೆದಾಗ ಮಾರ್ಲಿಸ್ ಆಫೀಸಿನಿಂದ ಹೊರಗೆ ಬರಲಿಲ್ಲ. ಕೈ ಸ್ಟಾಪ್‌ವಾಚಿನ ಮೇಲಿತ್ತು, ಒತ್ತಲಿಲ್ಲ. ಹತ್ತು ನಿಮಿಷದ ಬಳಿಕ ತಡವಾಗಿ ಬಂದವರ ಪಟ್ಟಿ ಬಂತು. ಹನ್ನೊಂದು ಹೆಸರು. ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದಳು. ಸಾರೆಲಾ ಎಂದು ಇತ್ತು. ಮತ್ತೆ ಓದಿದಳು: ಸಾರೆಲಾ, ಬ್ರಿಟಾ.

ಊಟದ ಹೊತ್ತಿಗೆ ಐನಾ ಲಾಕರಿನ ಮುಂದೆ ಒಬ್ಬಳೇ ಕಿಸಿಕಿಸಿ ನಗುತ್ತ ನಿಂತಿದ್ದಳು.

"ಏನಮ್ಮ ಅದು?"

"ವಿಜ್ಞಾನದ ಮೇಷ್ಟ್ರು ಕೊನೇಲಿ ಒಂದು ಜೋಕು ಹೇಳಿದ್ರು."

"ಎಲ್ಲಿ, ಹೇಳು ನೋಡೋಣ."

ಐನಾ ಹೇಳಿದಳು. ತುಂಬಾ ಸಪ್ಪೆ ಜೋಕು. ಮೂವತ್ತೊಂದು ವರ್ಷದಲ್ಲಿ ಆ ಮೇಷ್ಟ್ರ ಜೋಕು ಮಾರ್ಲಿಸಳ ಕಿವಿಗೆ ಬಿದ್ದದ್ದು ಇದೇ ಮೊದಲು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಗಂಟೆ ಹೊಡೆಯಿತು.