ಮೋಟ್ಯಾನ ಜೊತೆ ಬಾವಿಯವರೆಗೆ

ಮದುವೆಯಾಗಿ ಗಂಡನ ಮನೆಗೆ ಹೊರಟವಳ ಉಡಿಯಲ್ಲಿ ಏನಿರಬೇಕು? ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅರಿಶಿಣದ ಬೇರು. ನನ್ನ ಉಡಿಯಲ್ಲಿ ಇವೆಲ್ಲ ಇದ್ದವು. ಅವುಗಳ ಮೇಲೆ ಒಂದು ನಾಯಿಯೂ ಇತ್ತು.

ತಮಾಷೆ ಅಲ್ಲ. ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಟೀಚರ್ ಗೇಟಿನ ಬಳಿ ಅಳುಮೋರೆ ಹಾಕಿಕೊಂಡು ನಿಂತಿರದಿದ್ದರೆ ಈ ಕಥೆ ನನ್ನ ಜೊತೆಗೇ ಹೋಗಿಬಿಡುತ್ತಿತ್ತು. ಯಾರೋ ಹೈವೇಯಲ್ಲಿ ಬಿಟ್ಟು ಹೋದ ನಾಯಿಯನ್ನು ತಂದು ಸಾಕಿದ್ದಾಳೆ, ಪುಣ್ಯಾತ್ಗಿತ್ತಿ. ಮನೆಯಲ್ಲಿ ಅದು ಮಹಾ ಸಾಧು. ವಾಕಿಂಗ್‌ಗೆ ಹೊರಟು ಇನ್ನೊಂದು ನಾಯಿ ಕಂಡರೆ ಸಾಕು, ಬೆಲ್ಟ್ ಹರಿಯುವಂತೆ ಎಗರಾಡುತ್ತದೆ. ಟ್ರೇನರ್ ಒಬ್ಬ ಬಂದು, ನಾಯಿಗಳನ್ನು ಎದುರಾಬದುರಾ ತರಬೇಡಿ, ಡಿಸ್ಟನ್ಸ್ ಇಡಿ ಎಂದು ಹೇಳಿ ಹೋದನಂತೆ. ನನಗೆ ನಗು ಬಂತು. ಈ ಟ್ರೇನಿಂಗ್ ನನಗೆ ನಿಜಾಮನ ಕಾಲದಲ್ಲೇ ತಾಂಡೂರಿನಲ್ಲಿ ಆಗಿದೆಯಮ್ಮಾ ಎಂದೆ. ಆಕೆ ನಂಬಲಿಲ್ಲ. (ನಿಮ್ಮಲ್ಲೂ ಕೆಲವರು ನಂಬುವುದಿಲ್ಲ. ಪರವಾಗಿಲ್ಲ, ಓದಿ.)

ನನ್ನ ತವರು ನಾರಾಯಣಖೇಡ. ಈಗ ಅಲ್ಲಿಂದ ಊಟ ಮಾಡಿ ಕಾರಿನಲ್ಲಿ ಹೊರಟರೆ ಸಂಜೆಯ ಚಹಾಕ್ಕೆ ತಾಂಡೂರು. ಆಗ ಜಹೀರಾಬಾದಿನವರೆಗೆ ಎತ್ತಿನ ಗಾಡಿ, ಅಲ್ಲಿಂದ ರೈಲು, ವಿಕಾರಾಬಾದಿನಲ್ಲಿ ಇಳಿದು ಇನ್ನೊಂದು ರೈಲು. ನನಗೆ ಹದಿನಾರು ವರ್ಷ. ದಾರಿಯುದ್ದಕ್ಕೂ ಅತ್ತು ಅತ್ತು ಕಣ್ಣು ಬಾತಿದ್ದವು.

ಜಹೀರಾಬಾದ್ ಸ್ಟೇಷನ್ನಿನಲ್ಲಿ ದಿಬ್ಬಣದವರೆಲ್ಲ ರೈಲಿಗೆ ಕಾಯುತ್ತಿದ್ದಾಗ ಅಲ್ಲಿಯ ನಾಲ್ಕೈದು ನಾಯಿಗಳು ಒಂದು ಎಳೆಯ ನಾಯಿಯನ್ನು ಮೂಲೆಗೆ ಒತ್ತಿ ಹರಿಯುತ್ತಿದ್ದವು. ನನಗೆ ಏನಾಯಿತೋ. ಹಸಿರು ಸೀರೆ, ತಲೆಯ ಮೇಲಿನ ಸೆರಗು, ಹೊಸ ಬೀಗರು, ಯಾವುದನ್ನೂ ನೋಡದೆ ಓಡಿದೆ. ಯಾರದೋ ಕೊಡೆ ಕಿತ್ತುಕೊಂಡು ಬೀಸಿ, ಆ ನಾಯಿಯನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡು ಬಂದೆ. ಅದರ ಎಡಗಿವಿ ಅರ್ಧ ಹರಿದುಹೋಗಿತ್ತು.

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮಾವನವರು ಮಾತ್ರ, ಜೀವ ಅಲ್ಲವೇ, ಬರಲಿ ಬಿಡಿ ಎಂದರು. ರೈಲಿನಲ್ಲಿ ಗಾರ್ಡ್ ಬಂದು ಸೆರಗಿನ ಕೆಳಗೆ ಏನದು ಎಂದು ಉರ್ದುವಿನಲ್ಲಿ ಕೇಳಿದ. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ, ಸುಳ್ಳು ಹೇಳದ ಮಾವನವರು ‘ಸೊಸೆಯ ಸಾಮಾನು’ ಎಂದುಬಿಟ್ಟರು. (ಸುಳ್ಳೇನಲ್ಲವಲ್ಲ?)

ತಾಂಡೂರಿನ ಮನೆಯ ಹೊಸ್ತಿಲಲ್ಲಿ ಅತ್ತೆ ಆರತಿ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದರು, ಉಡಿ ನೋಡಿದರು, ಆರತಿ ಬೆಳಗಿ ಒಳಗೆ ಹೋದರು. ಒಂದು ಮಾತಿಲ್ಲ. ಅತ್ತೆಯ ಸ್ವಭಾವವೇ ಅದು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಬೈಯುವ ಅತ್ತೆಯಾದರೆ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಹಗುರಾಗಬಹುದು. ಸುಮ್ಮನಿರುವ ಅತ್ತೆಯನ್ನು ಏನು ಮಾಡುತ್ತೀರಿ?

ಕಿವಿ ಮೋಟಾಗಿದ್ದ ನಾಯಿಗೆ ಮೋಟ್ಯಾ ಎಂದು ಹೆಸರಿಟ್ಟೆ. ಆ ದೊಡ್ಡ ಮನೆಯ ಫರಸಿ ಕಲ್ಲಿನ ನೆಲದ ಮೇಲೆ ನನ್ನ ಮಾತು ಕೇಳುತ್ತ ಕೂರುತ್ತಿದ್ದದ್ದು ಅದೊಂದೇ. ಮಾವನವರು, ನನ್ನವರು ಬೆಳಗಾದರೆ ತೊಗರಿ ವ್ಯಾಪಾರದ ಅಡತಿ ಅಂಗಡಿಗೆ ಹೋಗುತ್ತಿದ್ದರು. ನಾನು ಹೊರಗೆ ಕಾಲಿಡುತ್ತಿದ್ದದ್ದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಸೀನೀರಿನ ಬಾವಿಗೆ. ಟೊಂಕದ ಮೇಲೆ ಕೊಡ, ಕೈಯಲ್ಲಿ ತೊಗರಿ ಚೀಲ ಹೊಲಿಯುವ ಸುತಳಿಯನ್ನು ಹೊಸೆದು ಮಾಡಿದ ಹಗ್ಗ, ಹಗ್ಗದ ತುದಿಗೆ ಮೋಟ್ಯಾ. ನಾಯಿಯನ್ನು ಹಗ್ಗ ಕಟ್ಟಿ ತಿರುಗಿಸುವುದನ್ನು ಆ ಓಣಿ ಅದುವರೆಗೆ ಕಂಡಿರಲಿಲ್ಲ. ಜನ ಕಟ್ಟೆಗೆ ಬಂದು ನಿಂತು ನೋಡುತ್ತಿದ್ದರು.

ಓಣಿಯ ನಾಯಿಗಳೂ ನೋಡುತ್ತಿದ್ದವು. ಅವುಗಳ ಯಜಮಾನ ಕರ್ಯಾ ಎಂಬ ದೊಡ್ಡ ಕರಿನಾಯಿ. ಅದು ದೂರದಲ್ಲಿ ಕಂಡರೆ ಸಾಕು, ಮೋಟ್ಯಾ ನಡುಗುತ್ತ ಹಲ್ಲು ಕಿರಿದು ಮೈಮೇಲೆ ಬಂದಂತೆ ಕೂಗುತ್ತಿತ್ತು. ಭಯಕ್ಕೆ ಕೂಗುತ್ತದೆ ಎಂದು ನನಗೆ ಗೊತ್ತಿತ್ತು. ಕರ್ಯಾನಿಗೆ ಹೇಗೆ ಗೊತ್ತಾಗಬೇಕು? ಒಂದು ದಿನ ಹಗ್ಗ ನನ್ನ ಕಾಲಿಗೆ ಸುತ್ತಿಕೊಂಡು ನಡುಬೀದಿಯಲ್ಲಿ ಬಿದ್ದೆ. ತವರಿನ ಹಿತ್ತಾಳೆ ಕೊಡ ನೆಗ್ಗಿತು, ಮೊಣಕಾಲು ತರಚಿತು.

ಅರಿಶಿಣ ಹಚ್ಚುತ್ತ ಅತ್ತೆ ಅವತ್ತಿನ ಹತ್ತು ಮಾತನ್ನೂ ಒಟ್ಟಿಗೆ ಆಡಿದರು. “ಪಂಚಮಿಗಿ ನಿಮ್ಮ ಅಣ್ಣ ಕರಿಯಾಕ ಬರ್ತಾನಲ್ಲ. ಅಷ್ಟರಾಗ ಇದು ಓಣಿಗಿ ಹೊಂದಲಿಲ್ಲಂದ್ರ ಆತನ ಕೂಡ ಕಳಿಸಿಬಿಡು.”

ನಾನು ತಲೆ ಅಲ್ಲಾಡಿಸಿದೆ. ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ. ಮೋಟ್ಯಾನಿಗೆ ಜಾಗವಿಲ್ಲದ ಮನೆಯಲ್ಲಿ ನನಗೇನು ಕೆಲಸ? ಅದು ಹೋದರೆ ನಾನೂ ಹೋಗುತ್ತೇನೆ. ನಾಗರಪಂಚಮಿ ಮುಗಿದ ಮೇಲೆ ಯಾರು ಕರೆದರೂ ಹಿಂದಿರುಗುವುದಿಲ್ಲ. (ನನ್ನವರು ಏನೆಂದರು ಎಂದು ಕೇಳುತ್ತೀರಾ? ಅವರು ಅವ್ವನ ಎದುರು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಮೊದಲ ಮಗು ಹುಟ್ಟಿದ ಮೇಲೆ.)

ಮೊದಲು ಮುಂದೆ ಬಂದವರು ಮಾವನವರು. ಅವರ ಲೆಕ್ಕಾಚಾರ ಸರಳ. ಒಂದೇ ಪಂಕ್ತಿಯಲ್ಲಿ ಕೂತು ಉಂಡವರ ನಡುವೆ ಹಗೆ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅದು ತಲೆಮಾರಿನಿಂದ ನಡೆದುಬಂದ ನಂಬಿಕೆ, ಯಾರೇ ಬರಲಿ ಒಂದೇ ಸಾಲಿನಲ್ಲಿ ಎಲೆ. ಮನುಷ್ಯರಿಗೆ ಸರಿಯಾದದ್ದು ನಾಯಿಗೆ ಯಾಕೆ ಆಗಬಾರದು? ಒಂದು ಸೋಮವಾರ ಮನೆಯ ಮುಂದೆ ಗುಡಿಸಿ, ನೀರು ಚಿಮುಕಿಸಿ, ಮುತ್ತುಗದ ಪತ್ರಾವಳಿ ಸಾಲಾಗಿ ಹಾಕಿದರು. ಪ್ರತಿ ಎಲೆಗೂ ಜೋಳದ ರೊಟ್ಟಿ, ಮೇಲೆ ತೊಗರಿಬೇಳೆ. ಓಣಿಯ ನಾಯಿಗಳೆಲ್ಲ ಬಂದವು. ನಡುವಿನ ಎಲೆಗೆ ಮೋಟ್ಯಾ, ಪಕ್ಕಕ್ಕೆ ಕರ್ಯಾ.

ಮುಂದಿನದು ನೀವೇ ಊಹಿಸಿ. ರೊಟ್ಟಿ ಮುಟ್ಟುವ ಮೊದಲೇ ರಣರಂಗ. ಪತ್ರಾವಳಿಗಳು ಗಾಳಿಗೆ ಹಾರಿದವು, ಬೇಳೆ ಗೋಡೆಗೆ ಸಿಡಿಯಿತು. ಮಾವನವರು ಹರಿದ ಧೋತರ ಹಿಡಿದುಕೊಂಡು ಪಕ್ಕದ ಮನೆಯ ಕಟ್ಟೆ ಹತ್ತಿದರು. ಒಂದು ವಾರ ಅವರು ಅಡತಿಗೆ ಹಿತ್ತಲ ಬಾಗಿಲಿನಿಂದ ಹೋದರು. ಮೋಟ್ಯಾ ಎರಡು ದಿನ ಕಣಜದ ಹಿಂದಿನಿಂದ ಹೊರಗೆ ಬರಲಿಲ್ಲ. ನಾನೂ ಅದರ ಜೊತೆ ಅಲ್ಲೇ ಕೂತು ಕಣ್ಣೀರು ಹಾಕಿದೆ.

ದಾರಿ ತೋರಿಸಿದವರು ಟಾಂಗಾ ಚಾಚಾ. ಸ್ಟೇಷನ್ನಿಗೆ ಟಾಂಗಾ ಹೊಡೆಯುವ ಮುದುಕರು, ಬೆಳಿಗ್ಗೆ ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ ಕುದುರೆಗೆ ನೀರು ಕುಡಿಸಲು ಬರುತ್ತಿದ್ದರು. ಕರ್ಯಾ ದಿನಾ ಅವರ ಟಾಂಗಾದ ಜೊತೆಗೇ ಓಡುತ್ತಿದ್ದ. ಪಂಕ್ತಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ನಗಲಿಲ್ಲ, ದೊಡ್ಡ ಮನುಷ್ಯ. ಹೊಸ ಕುದುರೆಯನ್ನು ಹಳೆಯ ಕುದುರೆಗೆ ಹೇಗೆ ಹೊಂದಿಸುತ್ತೇವೆ ಗೊತ್ತೇ ಎಂದು ಕೇಳಿದರು.

“ಮಾರಿಗಿ ಮಾರಿ ತರಬ್ಯಾಡ ಬೇಟಿ, ಜಗಳನೇ ಆಗ್ತದ. ಎರಡೂ ಒಂದೇ ದಿಕ್ಕಿಗಿ ನಡೀಲಿ. ನಡುವ ಪೂರಾ ರಸ್ತಾ ಇರ್ಲಿ. ದಿನಾ ಒಂದೊಂದು ಹೆಜ್ಜಿ ಸನ್ಯಾಕ ತಾ.”

ಮರುದಿನದಿಂದ ಶುರುವಾಯಿತು. ರಸ್ತೆಯ ಆ ಬದಿಗೆ ಚಾಚಾ ಕುದುರೆ ಹಿಡಿದು ನಡೆಯುವರು, ಅವರ ಹಿಂದೆ ಕರ್ಯಾ. ಈ ಬದಿಗೆ ಕೊಡ ಹೊತ್ತ ನಾನು, ಮೋಟ್ಯಾ. ಸೆರಗಿನ ತುದಿಯಲ್ಲಿ ರೊಟ್ಟಿಯ ಚೂರುಗಳ ಗಂಟು. ಕರ್ಯಾನನ್ನು ನೋಡಿಯೂ ಮೋಟ್ಯಾ ಕೂಗಲಿಲ್ಲವೋ, ಒಂದು ಚೂರು. ಗುರ್ ಎಂದಿತೋ, ಬೈಗುಳವಿಲ್ಲ, ಹೊಡೆತವಿಲ್ಲ, ನಾನು ಇನ್ನೆರಡು ಹೆಜ್ಜೆ ದೂರ. ಮೊದಲ ವಾರ ಗಟಾರದ ಅಂಚಿನಲ್ಲೇ ನಡೆದೆ. ಎರಡನೇ ವಾರ ರಸ್ತೆಗೆ ಬಂದೆ. ಸೋಜಿಗವೆಂದರೆ ಬುಟ್ಟಿಯಲ್ಲಿ ರೊಟ್ಟಿ ಎಂದೂ ಕಡಿಮೆ ಬೀಳಲಿಲ್ಲ. ಅತ್ತೆ ಎರಡು ಹೆಚ್ಚಿಗೆ ಬಡಿಯುತ್ತಿದ್ದರು ಎಂಬುದು ನನ್ನ ದಡ್ಡ ತಲೆಗೆ ಆಗ ಹೊಳೆಯಲಿಲ್ಲ.

ಆ ಬೆಳಗುಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಗುದ್ದಲಿ ಹೆಗಲಿಗಿಟ್ಟು ಕಲ್ಲಿನ ಗಣಿಗೆ ಹೊರಟವರು, ವಾಡಿ ಕಡೆಯಿಂದ ಬರುವ ರೈಲಿನ ಸೀಟಿ, ಹಸಿ ಹುಲ್ಲಿನ ವಾಸನೆ, ಚಾಚಾನ ಗುನುಗು. ಕಟ್ಟೆಯ ಹೆಂಗಸರು ಮೊದಲು ನೋಡಿದರು, ಆಮೇಲೆ ನಕ್ಕರು, ಆಮೇಲೆ ‘ಇವತ್ತು ಎಷ್ಟು ಹೆಜ್ಜೆ’ ಎಂದು ಕೇಳತೊಡಗಿದರು. ಉತ್ತರ ಹೇಳುತ್ತ ಹೇಳುತ್ತ ಅವರ ಹೆಸರುಗಳು ನನಗೆ ಬಂದವು.

ಶ್ರಾವಣ ಮಾಸ ಹುಟ್ಟಿದ ದಿನ ಕರ್ಯಾ ರಸ್ತೆ ದಾಟಿ ಬಂದ. ನಾನು ಸೆರಗಿನ ಗಂಟಿಗೆ ಕೈ ಹಾಕಿದೆ. ಮೋಟ್ಯಾ ಬಾಲ ಕೆಳಗೆ ಹಾಕಿ ಮುಖ ಪಕ್ಕಕ್ಕೆ ತಿರುಗಿಸಿತು. ಕರ್ಯಾ ಮೂಸಿದ, ಒಂದು ಸುತ್ತು ಹಾಕಿದ, ತನ್ನ ಕೆಲಸಕ್ಕೆ ಹೋದ. ಅಷ್ಟೇ. ನಾನು ನಡುರಸ್ತೆಯಲ್ಲಿ ಕೊಡ ಇಳಿಸಿ ಕೂತುಬಿಟ್ಟೆ.

ಮನೆಗೆ ಓಡಿಬಂದು ಅತ್ತೆಗೆ ಹೇಳಿದೆ. ಹೂಂ ಎಂದರು. ಇರಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನನಗೆ ರೋಷ ಬಂತು. ಇಷ್ಟು ಮಾಡಿದರೂ ಒಂದು ಮಾತಿಲ್ಲದ ಮನೆ ಇದು, ಬೇಡವೇ ಬೇಡ ಎಂದುಕೊಂಡೆ.

ಪಂಚಮಿಗೆ ಎರಡು ದಿನ ಮೊದಲು ಅಣ್ಣ ಬಂದ. ಚಾಚಾನ ಟಾಂಗಾ ಬಾಗಿಲಿಗೆ ಬಂತು. ನನ್ನ ತಗಡಿನ ಪೆಟ್ಟಿಗೆಯನ್ನು ಅಣ್ಣ ಒಂದು ಕಡೆ ಹಿಡಿದ, ಇನ್ನೊಂದು ಕಡೆ ಅತ್ತೆಯೇ ಹಿಡಿದು ಟಾಂಗಾಕ್ಕೆ ಏರಿಸಿದರು. ನಾನು ಮೋಟ್ಯಾನ ಹಗ್ಗ ಹಿಡಿದು ಟಾಂಗಾ ಹತ್ತಲು ಕಾಲು ಎತ್ತಿದೆ. ಅತ್ತೆ ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು.

“ಇದು ಇಲ್ಲೇ ಇರ್ಲಿ,” ಎಂದರು. “ಇದೂ ನಿನ್ನ ಕೂಡ ಹೋದ್ರ, ನೀ ಹೊಳ್ಳಿ ಬರ್ತಿ ಅಂತ ನನಗೇನ್ ಭರೋಸಾ?”

ಮುಖ ನೋಡಿದೆ. ಅತ್ತೆಯ ಕಣ್ಣು ತುಂಬಿತ್ತು. ಹದಿನೈದು ದಿನಕ್ಕೆ ತವರಿಗೆ ಹೋಗುವವಳ ಪೆಟ್ಟಿಗೆ ಅಷ್ಟು ಭಾರವಾಗಿರುವುದಿಲ್ಲ ಎಂಬುದು ಅದನ್ನು ಎತ್ತಿದ ಹೆಂಗಸಿಗೆ ತಿಳಿಯದೇ ಇರುತ್ತದೆಯೇ? ಸೀರೆಗಳೆಲ್ಲ ಅದರಲ್ಲಿದ್ದವು, ಚಳಿಗಾಲದ ಕೌದಿ ಸಮೇತ.

ನಾರಾಯಣಖೇಡದಲ್ಲಿ ಜೋಕಾಲಿ ಕಟ್ಟಿದ್ದರು, ಗೆಳತಿಯರೆಲ್ಲ ಬಂದಿದ್ದರು, ಅವ್ವ ಉಂಡಿ ಕಟ್ಟಿದ್ದಳು. ಹದಿನೈದು ದಿನಕ್ಕೆಂದು ಹೋದವಳು ಎಂಟನೆಯ ದಿನಕ್ಕೇ ಗಾಡಿ ಕಟ್ಟಿಸು ಎಂದು ಅಣ್ಣನ ಬೆನ್ನು ಬಿದ್ದೆ. ನಾಯಿಯ ನೆನಪಾಗುತ್ತಿದೆ ಎಂದು ಎಲ್ಲರಿಗೂ ಹೇಳಿದೆ.

ನೀವು ನಂಬಿದಿರಾ?