ದಲ್ಲಾಳಿ ಕ್ಯಾತಣ್ಣನ ಬಲಗೈ

ನಮ್ಮ ತಾತ, ಕೊಂಡ್ಲಹಳ್ಳಿಯ ಕ್ಯಾತಣ್ಣ, ಎತ್ತಿನ ದಲ್ಲಾಳಿ. ಸುಳ್ಳು ಹೇಳದ ದಲ್ಲಾಳಿ ಎಂದರೆ ನೀವು ನಗುತ್ತೀರಿ. ನಗಿ. ಆದರೆ ಸಾವಿರದ ಒಂಬೈನೂರ ಎಂಟರವರೆಗೆ ಚಳ್ಳಕೆರೆ ಸಂತೆಯಲ್ಲಿ ಅವನನ್ನು ನೋಡಿ ಯಾರೂ ನಕ್ಕಿರಲಿಲ್ಲ.

ತಾತನಿಗೊಂದು ಕಾಯಿಲೆ ಇತ್ತು. ಚಳಿಯಲ್ಲಿ ಏನನ್ನಾದರೂ ಬಿಗಿಯಾಗಿ ಹಿಡಿದರೆ ಬೆರಳು ಬೇಗ ಬಿಚ್ಚುತ್ತಿರಲಿಲ್ಲ. ನೋವಿಲ್ಲ, ಬಾವಿಲ್ಲ, ಮಾಂಸಖಂಡ ಹೇಳಿದ ಮಾತು ಕೇಳುತ್ತಿರಲಿಲ್ಲ, ಅಷ್ಟೆ. ಬಿಸಿಲೇರಿದರೆ ತಾನೇ ಸರಿಹೋಗುತ್ತಿತ್ತು. ಅವನ ಅಪ್ಪನಿಗೂ ಹಾಗೇ. ಮುಂಜಾನೆ ಆಡಿನ ಹಾಲು ಕರೆಯಲು ಕೂತರೆ, ಹಿಡಿದ ಮೊಲೆ ಬಿಡಿಸಲು ಮನೆಯವರು ಕೈಮೇಲೆ ಬಿಸಿನೀರು ಹುಯ್ಯಬೇಕಿತ್ತಂತೆ. ತಾತನ ಅಣ್ಣ ದೊಡ್ಡಪಾಲಯ್ಯನಿಗೂ ಇತ್ತು. ಅದು ವಂಶದಲ್ಲೇ ಇಳಿದು ಬರುವ ಸ್ನಾಯುವಿನ ಕಾಯಿಲೆ ಎಂದು ಡಾಕ್ಟರೊಬ್ಬರು ನನ್ನ ಬೆರಳು ಹಿಡಿದು ನೋಡಿ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆಗ ಅದು ಮನೆಯ ಗುಟ್ಟು. ಅಣ್ಣತಮ್ಮಂದಿರು ಬಾಯಿ ಮುಚ್ಚಿಕೊಂಡಿದ್ದರು.

ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಹೆಗಲ ಮೇಲಿನ ಬಟ್ಟೆ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳಬೇಕು. ಬೇಡವಾದರೆ ಕೈ ಬಿಡಬೇಕು, ಬಿಗಿಹಿಡಿದರೆ ಒಪ್ಪಿದಂತೆ. ಆ ಪುಷ್ಯಮಾಸದ ಮುಂಜಾನೆ ಬಿ.ಜಿ. ಕೆರೆಯ ಬೋರಣ್ಣ ಜೋಡೆತ್ತು ತಂದಿದ್ದ. ಗಿರಾಕಿಯೊಬ್ಬನ ಪರವಾಗಿ ತಾತ ಅವನ ಬೆರಳು ಹಿಡಿದ. ಬೆಲೆ ಹೆಚ್ಚಾಯಿತು ಎಂದು ಬಿಡಲು ಹೋದರೆ ಕೈ ಬಿಚ್ಚಲಿಲ್ಲ. ಗುಟ್ಟು ರಟ್ಟಾದೀತೆಂದು ಪುಣ್ಯಾತ್ಮ ಸುಮ್ಮನಿದ್ದ. ಅದೇ ಅವನ ತಪ್ಪು. ವ್ಯಾಪಾರ ಕುದುರಿತೆಂದು ಬೋರಣ್ಣ ಬೇರೆ ಗಿರಾಕಿಗಳನ್ನೆಲ್ಲ ಕಳಿಸಿಬಿಟ್ಟ. ಆಮೇಲೆ ತಾತ ವ್ಯಾಪಾರ ಬೇಡವೆಂದಾಗ ಎತ್ತು ಕೇಳುವವರೇ ಇರಲಿಲ್ಲ. ಬೋರಣ್ಣ ಪಂಚಾಯ್ತಿ ಸೇರಿಸಿದ.

ಪಂಚಾಯ್ತಿ ಕೂತದ್ದು ನಡುಮಧ್ಯಾಹ್ನ. ಬೇರೆ ದಾರಿಯಿಲ್ಲದೆ ತಾತ ಕಾಯಿಲೆಯ ಗುಟ್ಟು ಹೇಳಿಬಿಟ್ಟ. ಯಜಮಾನರು ಕೋಲೊಂದನ್ನು ಹಿಡಿಸಿ, ಬಿಡು ಅಂದರು. ಆ ಬಿಸಿಲಿಗೆ ಕೈ ಸಲೀಸಾಗಿ ಬಿಚ್ಚಿತು. ಜನ ಗೊಳ್ಳೆಂದು ನಕ್ಕರು.

ತಾತ ಅಣ್ಣನ ಕಡೆ ತಿರುಗಿದ. "ಅಣ್ಣಯ್ಯ, ನೀನೇ ಹೇಳು. ಅಪ್ಪಂಗೂ ಹಿಂಗೇ ಇರ್ಲಿಲ್ವಾ? ನಿಂಗೂ ಐತಲ್ಲ?"

ದೊಡ್ಡಪಾಲಯ್ಯನ ಮಗಳಿಗೆ ಮೊಳಕಾಲ್ಮೂರಿನ ಕಡೆ ಸಂಬಂಧ ಕೂಡಿಬಂದಿತ್ತು. ಗಂಡಿನ ಕಡೆಯವರು ಅಲ್ಲೇ ಕೂತಿದ್ದರು.

"ನಮ್ಮ ವಂಶದಾಗೆ ಅಂಥ ರೋಗ ಯಾರಿಗೂ ಇಲ್ರಿ" ಅಂದ ದೊಡ್ಡಪಾಲಯ್ಯ. "ಮಾತಿಗೆ ತಪ್ಪಿ ಈಗ ಕಾಯಿಲೆ ಅಂತಾನೆ."

ಬೋರಣ್ಣ ಹೊರಗಿನವನು, ಅವನು ಬೈದರೆ ತಾತ ಸಹಿಸಿಯಾನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಹೀಗಂದನಲ್ಲ! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕ್ಯಾತಣ್ಣ ಇನ್ನು ಸಂತೆಯಲ್ಲಿ ಯಾರ ಬೆರಳೂ ಮುಟ್ಟಕೂಡದು ಎಂದು ತೀರ್ಮಾನವಾಯಿತು.

ಮಾರನೆಯ ದಿನ ಹೊತ್ತು ಮೂಡುವಾಗಲೇ ದೊಡ್ಡಪಾಲಯ್ಯ ಮನೆಗೆ ಬಂದ. ಇದೆಲ್ಲ ನಮ್ಮಜ್ಜಿ ನಿಂಗಕ್ಕ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡದ್ದು. ಜಗಲಿಯ ಮೇಲೆ ಕೂತು ತಮ್ಮನ ಬಲಗೈ ಬಿಗಿಯಾಗಿ ಹಿಡಿದುಕೊಂಡು ಅತ್ತನಂತೆ. "ಮಗಳ ಮದ್ವೆ ಕಣೋ ತಮ್ಮ, ಇನ್ನೇನ್ ಮಾಡ್ಲಿ?"

ತಾತ ಕರಗಿದ. "ಹೋಗ್ಲಿ ಅಣ್ಣಯ್ಯ. ಮದ್ವೆ ಆದ್ಮೇಲೆ ಯಜಮಾನ್ರ ಮುಂದೆ ನಿಜ ಹೇಳು, ಸಾಕು."

ಹೇಳುತ್ತೇನೆಂದು ದೊಡ್ಡಪಾಲಯ್ಯ ದೇವರಾಣೆ ಮಾಡಿದ. ಎದ್ದು ಹೊರಡಬೇಕೆಂದರೆ ಅವನ ಬೆರಳು ಬಿಚ್ಚಲಿಲ್ಲ. ಅಜ್ಜಿ ಬಿಸಿನೀರಿಗೆಂದು ಒಳಗೆ ತಿರುಗುವಷ್ಟರಲ್ಲಿ ಪಕ್ಕದ ಮನೆಯ ಮೂಗಮ್ಮ ಒಲೆಗೆ ಕೆಂಡ ಕೇಳಲು ಬಂದಳು. ದೇವರೇ ಸಾಕ್ಷಿ ಕಳಿಸಿದ ಎಂದು ತಾತನ ಮುಖ ಅರಳಿತಂತೆ.

ಅವನು ಬಾಯಿ ತೆರೆಯುವ ಮೊದಲೇ ದೊಡ್ಡಪಾಲಯ್ಯ ಕೂಗಿಕೊಂಡ. "ನೋಡವ್ವ ಮೂಗಮ್ಮ! ಬುದ್ಧಿ ಹೇಳಾಕೆ ಬಂದ್ರೆ ನನ್ ಕೈ ಹಿಡ್ಕಂಡು ಬಿಡ್ತಾನೇ ಇಲ್ಲ ಇವ್ನು. ಬಿಡಿಸ್ ಬಾರವ್ವ!"

"ಹಿರೇನು ಅಂತ ಮರ್ವಾದೆ ಬ್ಯಾಡ್ವಾ? ಬಿಡು ಕ್ಯಾತಣ್ಣ!" ಎಂದು ಮೂಗಮ್ಮ ತಾತನ ತೋಳು ಹಿಡಿದು ಎಳೆದಳು. ಅವನ ಐದು ಬೆರಳೂ ಅಣ್ಣನ ಮುಷ್ಟಿಯೊಳಗೆ ಸಡಿಲವಾಗಿ ಬಿಚ್ಚಿಕೊಂಡೇ ಇದ್ದವು.