ಬೇಡ ಅಂದಾಗ ಕೈ ಹೇಗಿತ್ತು?

ಇವತ್ತು ಬೆಳಿಗ್ಗೆ ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಹೂವಿನ ಬುಟ್ಟಿಯೊಂದನ್ನು ದಾಟುವಾಗ ಮರುಗದ ವಾಸನೆ ಮೂಗಿಗೆ ಬಡಿಯಿತು. ಕಾಲು ನಿಂತುಬಿಟ್ಟಿತು. ಮರುಗ ಅಂದರೆ ನನಗೆ ಈಗಲೂ ಚನ್ನರಾಯಪಟ್ಟಣದ ಹೂವಿನಜ್ಜಿ...

ಆಗ ನಾನು ಅಲ್ಲಿನ ಹೈಸ್ಕೂಲಿಗೆ ಹೊಸದಾಗಿ ಬಂದ ಟೀಚರ್. ಶಾಲೆಯ ದಾರಿಯಲ್ಲಿ ಅಜ್ಜಿಯ ಬುಟ್ಟಿ. ಮೊದಲ ದಿನ ಹೂ ಕೇಳಿದಾಗ ಮುಖವನ್ನೂ ಎತ್ತದೆ, "ನಿಂಗಿಲ್ಲ ಓಗವ್ವ, ಎಲ್ಲಾ ಮುಗೀತು" ಅಂದಳು. ಬುಟ್ಟಿ ತುಂಬ ಹೂವಿತ್ತು! ಅವಮಾನವಾಗಿ ಹೊರಟೇಬಿಟ್ಟೆ. ಹಿಂದಿನಿಂದ ಬೈಗುಳ ಕೇಳಿಸಿತು. ತಿರುಗಿ ನೋಡಿದರೆ ಅಜ್ಜಿ ಮೊಳಕೈಗೆ ಸೇವಂತಿಗೆ ಮಾಲೆ ಹಿಡಿದು ಅಳೆಯುತ್ತಿದ್ದಳು. ಒಂದು ಮೊಳ ಮುಗಿದ ಮೇಲೂ ಇನ್ನೊಂದು ಗೇಣು ಬಿಟ್ಟು ಕತ್ತರಿಸಿ, ಮೇಲೊಂದು ಕಡ್ಡಿ ಮರುಗ ಸಿಕ್ಕಿಸಿ ಕೊಟ್ಟಳು.

ಅವಳ ಬಾಯನ್ನಷ್ಟೇ ನಂಬಿದರೆ ಕೆಟ್ಟೆವು ಅಂತ ತಿಳಿಯಲು ಒಂದು ತಿಂಗಳು ಹಿಡಿಯಿತು. ಬಾಯಿ, ಕೈ, ಕಣ್ಣು ಮೂರನ್ನೂ ಒಟ್ಟಿಗೆ ನೋಡಬೇಕಿತ್ತು. ನಿಜಕ್ಕೂ ಹೂವಿಲ್ಲದ ದಿನವೂ ಬಾಯಲ್ಲಿ ಅದೇ ಮಾತು, ಆದರೆ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಕ್ಕಳಿಗೆ ಕನ್ನಡ ಕಲಿಸುವ ನಾನು ಹೂ ಮಾರುವವಳ ಮುಂದೆ ವರ್ಷಗಟ್ಟಲೆ ಪಾಠ ಕಲಿತೆ.

ಆಮೇಲೆ ನನಗೆ ಅರಕಲಗೂಡಿಗೆ ವರ್ಗವಾಯಿತು. ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ ಅಂತ ಸುದ್ದಿ ಬಂದಾಗ ಅವಳ ಸೊಸೆಯ ಮೊಬೈಲಿಗೆ ಫೋನ್ ಮಾಡಿದೆ. ಅಜ್ಜಿಯ ದನಿ ಸಣ್ಣಗಾಗಿತ್ತು. "ನಂಗೇನಾಗದೆ? ಗಟ್ಟಿಮುಟ್ಟಾಗಿವ್ನಿ. ಇಸ್ಕೂಲ್ ಬುಟ್ಬುಟ್ಟು ಬರಾಕ್ ಓಗ್ಬ್ಯಾಡ ಕಣವ್ವ..."

ಬರಬೇಡವೆಂದೋ, ಬಾ ಎಂದೋ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಫೋನಿನಲ್ಲಿ ಕೈ ಕಾಣುವುದಿಲ್ಲವಲ್ಲ. ಪರೀಕ್ಷೆ ಹತ್ತಿರವಿತ್ತು. ನನಗೆ ಅನುಕೂಲವಾದ ಅರ್ಥವನ್ನೇ ಇಟ್ಟುಕೊಂಡೆ.

ಎರಡು ವಾರ ಬಿಟ್ಟು ಮನಸ್ಸು ತಡೆಯದೆ ಹೋದೆ. ಅಜ್ಜಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಸೊಸೆ ಕಾಫಿ ತಂದಿಟ್ಟಳು. ನಾನು ಕಾಫಿ ಮುಟ್ಟದೆ, ಅವತ್ತು ಮಾತಾಡುವಾಗ ಅಜ್ಜಿಯ ಕೈ ಏನು ಮಾಡುತ್ತಿತ್ತು ಅಂತ ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು.

"ಫೋನ್ ನಾನೇ ಇಡ್ಕಂಡಿದ್ದೆ ಕಣಕ್ಕಾ. ಅವ್ರು ಇಂಗೆ ಕೈಯಾಡಿಸ್ತಿದ್ರು" ಅಂತ ಅಂಗೈ ಕೆಳಗೆ ಮಾಡಿ ಬೆರಳು ಆಡಿಸಿ ತೋರಿಸಿದಳು.

ಕರೆದ ಹಾಗೂ ಇತ್ತು, ಹೋಗೆಂದ ಹಾಗೂ ಇತ್ತು. ನಮ್ಮಲ್ಲಿ ಎರಡಕ್ಕೂ ಅಂಗೈ ಕೆಳಗೇ ಇರುತ್ತದೆ. ಇನ್ನೊಮ್ಮೆ ತೋರಿಸು ಅಂದೆ. ತೋರಿಸಿದಳು, ಆದರೆ ಈ ಸಲ ಬೇರೆ ಥರ. "ಸರ್ಯಾಗಿ ಗ್ಯಾನ ಇಲ್ಲ ಕಣಕ್ಕಾ" ಅಂತ ಅಳತೊಡಗಿದಳು. ನನಗೂ ಅಳು ಬಂತು. ಕಣ್ಣು ಹೇಗಿತ್ತು ಅಂತ ಕೇಳುವ ಧೈರ್ಯವಾಗಲಿಲ್ಲ. ಅವತ್ತು ಫೋನಿನಲ್ಲಿ ಅರ್ಥವಾಗದಿದ್ದಾಗಲೇ ಎದ್ದು ಬರಬೇಕಿತ್ತು...

ಇವತ್ತಿನ ಹೂವಿನ ಹೆಂಗಸು, "ಎಷ್ಟು ಕೊಡ್ಲಿ ಅಕ್ಕಾ?" ಅಂದಳು. "ಬೇಡಮ್ಮ" ಅಂದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕೆಳಗೆ ನೋಡಿದಳು. ನನ್ನ ಕೈ ಬುಟ್ಟಿಯ ಕಡೆಗೆ ಚಾಚಿಯೇ ಇತ್ತು.

"ಬೇಕೋ ಬ್ಯಾಡ್ವೋ ಸರ್ಯಾಗಿ ಯೋಳಕ್ಕಾ" ಅಂದಳು.